ಚಿಲಕವಿಲ್ಲದ ಕಟಕಟೆ

ನಾನು ಒಂದು ಕಟಕಟೆ. ಆರೋಪಿಯನ್ನು ನಿಲ್ಲಿಸುವ ಕಟಕಟೆಯಲ್ಲ, ಸಾಕ್ಷಿ ಹೇಳುವವರು ಹತ್ತಿ ನಿಲ್ಲುವ ಕಟಕಟೆ. ತೊರೆಪೇಟೆಯ ಹಳೇ ಕೋರ್ಟಿನ ಹಜಾರದಲ್ಲಿ, ಮ್ಯಾಜಿಸ್ಟ್ರೇಟರ ಪೀಠದ ಎಡಕ್ಕೆ, ದೂಳು ಹೊದ್ದುಕೊಂಡು ಇವತ್ತಿಗೂ ನಿಂತಿದ್ದೇನೆ. ಪೀಠದಲ್ಲಿ ಯಾರೂ ಇಲ್ಲ. ಮೇಲೆ ಬಾವಲಿಗಳಿವೆ. ಅವಕ್ಕೆ ನನ್ನಿಂದ ಆಗಬೇಕಾದ್ದು ಏನೂ ಇಲ್ಲ.

ಊರಿನವರು ಈ ಕಟ್ಟಡಕ್ಕೆ ದೆವ್ವದ ಕೋರ್ಟು ಅನ್ನುತ್ತಾರೆ. ದೀಪ ಹಚ್ಚುವ ಹೊತ್ತು ಕಳೆದರೆ ಆಟೋದವರು ಈ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಒಳಗೊಂದು ಹೆಣ್ಣು ದೆವ್ವ ನರಳುತ್ತದೆಯಂತೆ, ಅದಕ್ಕೆ ಓಗೊಟ್ಟವನು ಉಳಿಯುವುದಿಲ್ಲವಂತೆ. ಆ ದೆವ್ವವನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಅರ್ಧ ದೆವ್ವ ನಾನೇ. ಉಳಿದರ್ಧ ಯಾರು ಎನ್ನುವುದನ್ನು ಮೊದಲಿಂದ ಹೇಳಿದರೇ ತಿಳಿಯುವುದು.

ನಾನು ಹೊನ್ನೆ ಮರ. ಹೊನ್ನೆಯನ್ನು ಕಡಿದರೆ ಗಾಯದಿಂದ ಕೆಂಪು ಸೋನೆ ಒಸರುತ್ತದೆ, ನೋಡಿದವರಿಗೆ ನೆತ್ತರೇ ಅನ್ನಿಸುತ್ತದೆ. ಮಹಾರಾಜರ ಕಾಲದಲ್ಲಿ ತೊರೆಪೇಟೆಗೆ ಕೋರ್ಟು ಮಂಜೂರಾದಾಗ ನನ್ನನ್ನು ಕಡಿದು ಗಾಡಿಯ ಮೇಲೆ ಹೇರಿ ತಂದರು. ಬಡಗಿ ಮುದ್ದಾಚಾರಿ ಒಂದೇ ದಿಮ್ಮಿಯಿಂದ ಎರಡು ಕಟಕಟೆ ಮಾಡಿದ. ಬುಡದ ಗಟ್ಟಿ ಭಾಗದಿಂದ ಆರೋಪಿಯ ಕಟಕಟೆ, ತುದಿಯ ಭಾಗದಿಂದ ನಾನು. ಒಂದೇ ತಾಯಿಯ ಮಕ್ಕಳು ಎದುರುಬದುರು ನಿಂತೆವು.

ಅಣ್ಣನ, ಎಂದರೆ ಆರೋಪಿ ಕಟಕಟೆಯ, ಬಾಗಿಲಿಗೆ ಆಚಾರಿ ಹೊರಗಡೆಯಿಂದ ಕಬ್ಬಿಣದ ಚಿಲಕ ಜಡಿದ. ನನ್ನ ಬಾಗಿಲಿಗೆ ಏನೂ ಹಾಕಲಿಲ್ಲ. ಕೈಕೆಳಗೆ ಕೆಲಸ ಮಾಡುತ್ತಿದ್ದ ಅವನ ತಮ್ಮ ಕೇಳಿದ: "ಇದಕ್ಕೆ ಚಿಲಕ ಬ್ಯಾಡ್ವಾ ಅಣ್ಣಯ್ಯ?"

"ಸಾಕ್ಷಿಗೆ ಬಂದೋರ್ನ ಕೂಡಾಕ್ಬೇಕೇನೋ? ನಿಜ ಹೇಳೋನು ತಾನಾಗೇ ಬತ್ತಾನೆ, ಹೇಳಾದ್ಮೇಲೆ ತಾನಾಗೇ ಹೋಯ್ತಾನೆ. ಬಾಗ್ಲು ತಳ್ಳುದ್ರೆ ತೆರೀಬೇಕು, ಅಷ್ಟೆ."

ಪಾಪ, ಮುದ್ದಾಚಾರಿ ಮರವನ್ನು ಬಲ್ಲವನಾಗಿದ್ದ, ಕೋರ್ಟನ್ನು ಬಲ್ಲವನಾಗಿರಲಿಲ್ಲ.

ಮನುಷ್ಯರನ್ನು ನಾನು ಮುಖದಿಂದ ಗುರುತಿಟ್ಟುಕೊಂಡವನಲ್ಲ. ನನಗೆ ಗೊತ್ತಿರುವುದು ಅವರ ಪಾದ, ಅವರ ಅಂಗೈ. ನನ್ನ ಮೇಲ್ಪಟ್ಟಿಯನ್ನು ಎಷ್ಟೋ ಕೈಗಳು ಹಿಡಿದಿವೆ. ಮೊದಮೊದಲು, ಸುಳ್ಳು ಹೇಳುವವರ ಕೈ ನಡುಗುತ್ತದೆ ಎಂದುಕೊಂಡಿದ್ದೆ. ಬರಬರುತ್ತಾ ತಿಳಿಯಿತು, ನಡುಗುವುದು ನಿಜ ಹೇಳುವವರ ಕೈ. ಸುಳ್ಳು ಹೇಳುವವರು ನನ್ನ ಮೇಲೆ ಮೊಣಕೈ ಊರಿ, ಚಾವಡಿಯಲ್ಲಿ ಹರಟೆಗೆ ನಿಂತವರ ಹಾಗೆ ಆರಾಮಾಗಿ ಮಾತಾಡುತ್ತಿದ್ದರು.

ಕೆಲವು ಕೈಗಳು ಮಾತ್ರ ನನ್ನನ್ನು ಮುಟ್ಟಲೇ ಇಲ್ಲ. ಕೇರಿಯಿಂದ ಬಂದ ಸಾಕ್ಷಿಗಳನ್ನು ದಲಾಯತ ನಾಗೋಜಿ ಬಾಗಿಲಲ್ಲೇ ಗದರಿಸುತ್ತಿದ್ದ: "ಕೈ ಕಟ್ಕೊಂಡ್ ನಿಂತ್ಕೊ. ಎಲ್ಲೂ ಮುಟ್ಬೇಡ." ಅವರು ಎದೆಯ ಮೇಲೆ ಕೈ ಕಟ್ಟಿ, ನನ್ನ ನಡುಮಧ್ಯೆ, ಯಾವ ಪಕ್ಕಕ್ಕೂ ತಾಗದ ಹಾಗೆ ನಿಂತು ನಿಜ ಹೇಳುತ್ತಿದ್ದರು. ಅವರು ಇಳಿದು ಹೋದ ಮೇಲೆ ನಾಗೋಜಿ ಚೊಂಬಿನಿಂದ ನೀರು ತಂದು ನನ್ನ ಮೇಲೆ ಚಿಮುಕಿಸುತ್ತಿದ್ದ. ಆ ಹೊತ್ತಿಗಾಗಲೇ ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದಿತ್ತು. ಆ ಕಾನೂನಿನ ಪುಸ್ತಕ ಎದುರಿಗೇ, ಮ್ಯಾಜಿಸ್ಟ್ರೇಟರ ಮೇಜಿನ ಮೇಲೇ ಇತ್ತು. ಚಿಮುಕಿಸಿದ ನೀರಿನ ಒಂದೆರಡು ಹನಿ ಅದರ ರಟ್ಟಿನ ಮೇಲೂ ಬಿದ್ದಿದ್ದುಂಟು. ಮ್ಯಾಜಿಸ್ಟ್ರೇಟರು ಕರವಸ್ತ್ರದಿಂದ ರಟ್ಟು ಒರೆಸಿ ಮುಂದಿನ ಕೇಸು ಕರೆಸುತ್ತಿದ್ದರು.

ನಾಗೋಜಿಯ ಗಂಟಲು ತೊರೆಪೇಟೆಗೇ ಹೆಸರುವಾಸಿ. ಎದೆಗೆ ಅಡ್ಡಪಟ್ಟಿ, ಅದರಲ್ಲಿ ಹಿತ್ತಾಳೆ ಬಿಲ್ಲೆ, ತಲೆಗೆ ಕೆಂಪು ರುಮಾಲು. ಸಾಕ್ಷಿಯ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಮೂರು ಕೂಗಿಗೂ ಬಾರದಿದ್ದರೆ ಆ ಸಾಕ್ಷಿ ಇಲ್ಲವೆಂದೇ ಲೆಕ್ಕ. ಊರಿನವರು ಜಗಲಿಯಲ್ಲಿ ಕೂತು ಕಾಯುತ್ತಿದ್ದರು, ಹೊಸಿಲಲ್ಲಿ ನಿಂತು ಕೂಗಿದರೆ ಅವರಿಗೆ ಕೇಳುತ್ತಿತ್ತು. ಕೇರಿಯವರಿಗೆ ಜಗಲಿ ಇರಲಿಲ್ಲ. ಕಾಂಪೌಂಡಿನಾಚೆ ಒಂದು ಹೊಂಗೆ ಮರ, ಅದರ ಬುಡದಲ್ಲಿ ಅವರು ಕಾಯಬೇಕು. ಆ ಕಟ್ಟಳೆ ಮಾಡಿದವನೂ ನಾಗೋಜಿಯೇ. ಹಾಗಾಗಿ ಕೇರಿಯ ಹೆಸರು ಬಂದಾಗ ಅವನು ಹೊಸಿಲು ದಾಟಿ, ಮೆಟ್ಟಿಲಿಳಿದು, ಗೇಟಿನವರೆಗೂ ನಡೆದು ಕೂಗುತ್ತಿದ್ದ. ದೂರ ನಿಲ್ಲಿಸಿದ್ದಕ್ಕೆ ಅಷ್ಟಾದರೂ ನಡೆಯಬೇಕಲ್ಲ. ಗೊಣಗುತ್ತಾ ನಡೆಯುತ್ತಿದ್ದ, ಆದರೆ ನಡೆಯುತ್ತಿದ್ದ.

ಒಂದು ದಿನ ನಡೆಯಲಿಲ್ಲ. ನನ್ನ ಕಥೆ ಇರುವುದು ಆ ಒಂದು ದಿನದಲ್ಲಿ.

ಹಾಲಗೆರೆ ಎಂಬ ಊರಿನ ನೀರುಗಂಟಿ ತೋಪಯ್ಯ ಆರೋಪಿಯಾಗಿ ಬಂದಿದ್ದ. ಕೆರೆಯ ತೂಬು ಕಾಯುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ಕೆರೆಯ ನೀರನ್ನು ಕೇರಿಯವನ ಕೈಗೆ ಕೊಟ್ಟಿದ್ದ ಊರು, ಬಾವಿಯ ನೀರನ್ನು ಮುಟ್ಟಗೊಡುತ್ತಿರಲಿಲ್ಲ. ಅದೇನು ಲೆಕ್ಕವೋ, ಮರವಾದ ನನಗೆ ತಿಳಿಯದು. ನೀರು ಕಡಿಮೆಯಾದ ವರ್ಷ ಕೊನೆಯ ಗದ್ದೆಗಳಿಗೆ ಮೊದಲು ನೀರು ಬಿಡಬೇಕು ಎನ್ನುವುದು ಹಾಲಗೆರೆಯ ನೀರುಗಂಟಿಗಳು ನಡೆಸಿಕೊಂಡು ಬಂದ ಕ್ರಮ. ಆ ವರ್ಷ ತೋಪಯ್ಯ ಹಾಗೇ ಮಾಡಿದ. ಪಟೇಲ ಬೋರಾಜಪ್ಪನ ಗದ್ದೆ ತೂಬಿನ ಬಾಯಲ್ಲೇ ಇತ್ತು. "ನನ್ ಗದ್ದೆ ದಾಟಿ ನೀರು ಮುಂದಕ್ ಹೋಯ್ತದೇನ್ಲಾ?" ಎಂದು ಅವನು ಕೇಳಿದನಂತೆ. "ಕೊನೇವ್ರದ್ದು ಒಣಗ್ತದೆ ಬುದ್ದಿ" ಎಂದು ಇವನು ಹೇಳಿದನಂತೆ.

ಪಟೇಲ ತನ್ನ ಪೈರು ಕೊಯ್ಲಿಗೆ ಬರುವ ತನಕ ಕಾದ. ಇನ್ನು ತನಗೆ ನೀರು ಬೇಡ ಅನ್ನುವಾಗ ಒಂದು ಮಧ್ಯಾಹ್ನ ತೂಬು ಮುರಿದು ಕೆರೆಯೆಲ್ಲ ಹಳ್ಳಕ್ಕೆ ಹರಿದುಹೋಯಿತು. ನೀರುಗಂಟಿಯೇ ಮುರಿದ ಎಂದು ಪಟೇಲ ಪೊಲೀಸರಿಗೆ ದೂರು ಕೊಟ್ಟ.

ಊರಿನವರು ಒಬ್ಬರ ಹಿಂದೊಬ್ಬರು ನನ್ನನ್ನು ಹತ್ತಿದರು. ತೋಪಯ್ಯ ಹಾರೆ ಹಿಡಿದು ಕೆರೆ ಏರಿಯ ಮೇಲೆ ಇದ್ದದ್ದನ್ನು ಕಣ್ಣಾರೆ ಕಂಡೆವು ಎಂದರು. ಮೊಣಕೈ ಊರಿ ಹೇಳಿದರು. ಆ ಮಧ್ಯಾಹ್ನ ಪಟೇಲನ ಮಗಳ ಮದುವೆ. ತೋಪಯ್ಯ ಬೆಳಗಿನಿಂದ ಪಟೇಲನ ಹಿತ್ತಲಲ್ಲೇ ಅಡಿಗೆ ಒಲೆಗೆ ಸೌದೆ ಸೀಳುತ್ತಿದ್ದ. ಅವರೆಲ್ಲರೂ ಉಂಡ ಅನ್ನ ಅವನು ಸೀಳಿದ ಸೌದೆಯಲ್ಲಿ ಬೆಂದದ್ದು. ಅದನ್ನು ಉಂಡ ಬಾಯಲ್ಲೇ ಅವನು ಅಲ್ಲಿರಲಿಲ್ಲ ಎಂದರು. ನಾನು ಹೊನ್ನೆ ಮರ, ಹುಳು ಹಿಡಿಯುವುದಿಲ್ಲ ಅನ್ನುತ್ತಾರೆ. ಅವತ್ತು ಒಳಗೆಲ್ಲ ಹುಳು ಹರಿದ ಹಾಗಾಯಿತು.

ಎದುರಿಗೆ ಅಣ್ಣನೊಳಗೆ ತೋಪಯ್ಯ ನಿಂತಿದ್ದ. ತೆಳ್ಳನೆ ಆಳು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಇನ್ನೊಂದು ಸಾಕ್ಷಿ ಬಾಕಿಯಿತ್ತು, ಅವನ ಹೆಂಡತಿ ಮಂಚಿ. ತೂಬು ಮುರಿದವರು ಯಾರೆಂದು ಕಣ್ಣಿಂದ ಕಂಡವಳು ಅವಳೊಬ್ಬಳೇ. ಅವಳು ಬಂದು ನನ್ನೊಳಗೆ ನಿಂತು ನಾಲ್ಕು ಮಾತಾಡಿದರೆ ಅವನು ಮನೆಗೆ, ಇಲ್ಲದಿದ್ದರೆ ಜೈಲಿಗೆ.

ಬೆಳಿಗ್ಗೆ ಕೋರ್ಟು ಸೇರುವ ಮುಂಚೆ ಪಟೇಲ ನಾಗೋಜಿಯನ್ನು ಜಗಲಿಯ ಮೂಲೆಗೆ ಕರೆದಿದ್ದ. ಏನು ಕೊಟ್ಟ ಅಂತ ಕೇಳಬೇಡಿ, ಏನೂ ಕೊಡಲಿಲ್ಲ. ಹೆಗಲ ಮೇಲೆ ಕೈ ಹಾಕಿದ. "ಬಿಸ್ಲು ಜೋರಾಗದೆ ನಾಗೋಜಿ, ಸುಮ್ನೆ ಗೇಟಿನ್ ತನಕ ಯಾಕ್ ತಿರುಗ್ತೀಯ?" ಎಂದ, ಅಷ್ಟೇ. ಹಾಲಗೆರೆ ಪಟೇಲ ತನ್ನ ಹೆಗಲ ಮೇಲೆ ಕೈ ಹಾಕಿದ ಎನ್ನುವುದೇ ನಾಗೋಜಿಗೆ ಒಂದು ವಾರ ಹೇಳಿಕೊಂಡು ತಿರುಗುವ ಸುದ್ದಿ.

ಮಂಚಿಯ ಹೆಸರು ಬಂತು. ಹೊರಗೆ ಸಂತೆಯ ಗದ್ದಲ. ನಾಗೋಜಿ ಹೊಸಿಲ ತನಕ ಹೋದ. ಹೊಸಿಲು ದಾಟಲಿಲ್ಲ. ಅಲ್ಲೇ ನಿಂತು, ಮುಖವನ್ನು ಹಜಾರದ ಕಡೆಗೇ ತಿರುಗಿಸಿ, ಪೀಠಕ್ಕೆ ಕೇಳುವಷ್ಟು ದನಿಯಲ್ಲಿ ಕೂಗಿದ: "ಹಾಲಗೆರೆ ಮಂಚಿ!" ಒಂದು, ಎರಡು, ಮೂರು. ತೊರೆಪೇಟೆಗೇ ಹೆಸರಾದ ಗಂಟಲು ನನ್ನ ಮೇಲಿಂದ ಹಾದು ಗೋಡೆಗೆ ಬಡಿದು ಸತ್ತುಹೋಯಿತು.

"ಬುದ್ದೀ," ಎಂದ ತೋಪಯ್ಯ. ಕೋರ್ಟಿನಲ್ಲಿ ಅವನು ತಾನಾಗಿ ಬಾಯಿ ತೆರೆದದ್ದು ಅದೊಂದೇ ಸಲ. "ಅವ್ಳು ಬಂದವ್ಳೆ ಬುದ್ದಿ. ಮರದಡಿ ಅವ್ಳೆ. ಗೇಟ್ ತಾವ ಕೂಗ್ಸಿ ಬುದ್ದಿ."

ಮ್ಯಾಜಿಸ್ಟ್ರೇಟರು ಗೋಡೆ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. "ಮೂರು ಸಲ ಕೂಗಿದೆ. ಸಾಕ್ಷಿ ಗೈರುಹಾಜರು."

ತೋಪಯ್ಯನ ವಕೀಲ ಎದ್ದು ಏನಾದರೂ ಅನ್ನುತ್ತಾನೆಂದು ಕಾದೆ. ಅವನು ಕೋಟಿನ ತೋಳಿಗೆ ಹತ್ತಿದ ಸುಣ್ಣ ಒರೆಸಿಕೊಂಡ. ತೋಪಯ್ಯ ನನ್ನನ್ನು ನೋಡಿದ. ಖಾಲಿ ಕಟಕಟೆ. ನನ್ನ ಬಾಗಿಲು ಅರ್ಧ ತೆರೆದಿತ್ತು. ಆ ನೋಟ ಇವತ್ತಿಗೂ ನನ್ನ ಮೇಲೆ ಇದೆ. ಎಷ್ಟು ದೂಳು ಬಿದ್ದರೂ ಅದನ್ನು ಮುಚ್ಚಲಾಗಿಲ್ಲ.

ತೀರ್ಪಾಯಿತು. ಅವನ ಕೈಗೆ ಬೇಡಿ ಹಾಕಿ ಹೊರಗೆ ಕರೆದೊಯ್ಯುವಾಗ ಗೇಟಿನಲ್ಲಿ ಅವಳಿಗೆ ಕಂಡಿರಬೇಕು. ಒಂದು ಕೂಗು ಕೇಳಿತು: "ಬಂದೇ ಬುದ್ದೀ!" ಸೆರಗು ಬಿಗಿದು ಓಡಿಬಂದಳು, ಮೆಟ್ಟಿಲು ಹತ್ತಿದಳು, ಜಗಲಿ ಹತ್ತಿದಳು. ಯಾವ ಕಟ್ಟಳೆಯೂ ಅವಳಿಗೆ ನೆನಪಿರಲಿಲ್ಲ. ಹೊಸಿಲಿನಲ್ಲಿ ನಾಗೋಜಿ ಅಡ್ಡ ನಿಂತ. ಅವನ ತೋಳಿನ ಕೆಳಗಿಂದ ಅವಳು ನನ್ನನ್ನು ನೋಡಿದಳು. ಆಮೇಲೆ ಯಾರೋ ಎಳೆದುಕೊಂಡು ಹೋದರು.

ಅವತ್ತಿನಿಂದ ಅವಳು ಕೋರ್ಟಿದ್ದ ದಿನವೆಲ್ಲ ಬಂದಳು. ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದಳು. ನಾಗೋಜಿ ಯಾರದೇ ಹೆಸರು ಕೂಗಲಿ, ಸಾಹುಕಾರನದಿರಲಿ, ಕಳ್ಳನದಿರಲಿ, ಮರದ ಬುಡದಿಂದ "ಬಂದೇ ಬುದ್ದೀ" ಎಂಬ ಕೂಗು ಏಳುತ್ತಿತ್ತು. ಮೊದಲು ಜಗಲಿಯಲ್ಲಿದ್ದವರು ನಕ್ಕರು. "ಓ, ಎಲ್ಲಾ ಕೇಸ್ಗೂ ಸಾಕ್ಷಿ ಬಂದ್ಲು ನೋಡ್ರಪ್ಪೋ" ಎಂದರು. ಆಮೇಲೆ ನಗು ನಿಂತಿತು. ಒಂದು ಹೆಂಗಸು ಒಂದೇ ಮಾತನ್ನು ದಿನಾ ಹೇಳುತ್ತಿದ್ದರೆ ತಪ್ಪು ಮಾಡಿದವರಿಗೆ ಬೆನ್ನ ಹಿಂದೆ ಚಳಿಯಾಗುತ್ತದೆ. ಮೊದಲು ಹೆದರಿದವನು ನಾಗೋಜಿ. ಕೂಗುವ ಮುಂಚೆ ಗೇಟಿನ ಕಡೆ ಕಣ್ಣು ಹಾಯಿಸುವ ಅಭ್ಯಾಸ ಅವನಿಗೆ ಬಿತ್ತು, ಗಂಟಲು ಕಟ್ಟುತ್ತಾ ಹೋಯಿತು.

ತೋಪಯ್ಯ ಜೈಲಿನಲ್ಲಿ ಜ್ವರ ಬಂದು ಸತ್ತ ಸುದ್ದಿ ಬಂದ ಮೇಲೆ ಅವಳು ಕಾಣಿಸಲಿಲ್ಲ. ಕೆರೆಗೆ ಹಾರಿಕೊಂಡಳು ಎಂದರು. ಹೆಣ ಸಿಕ್ಕಿತಾ ಎಂದು ಯಾರೂ ಕೇಳಲಿಲ್ಲ. ಕೇರಿಯ ಹೆಂಗಸಿನ ಸಾವಿಗೆ ಹೆಣವೂ ಬೇಕಾಗಿರಲಿಲ್ಲ, ಮಾತು ಸಾಕಾಗಿತ್ತು.

ಕಾಲ ಹೋಯಿತು. ಊರಾಚೆ ಹೊಸ ಕೋರ್ಟು ಕಟ್ಟಿದರು. ಸಾಮಾನು ಸಾಗಿಸಲು ಲಾರಿ ಬಂದಾಗ ಕೋರ್ಟಿನ ಅಮೀನರು ಹಜಾರದಲ್ಲಿ ನಿಂತು ಹೇಳಿದರು: "ಆರೋಪಿ ಕಟಕಟೆ ಗಟ್ಟಿಮುಟ್ಟಾಗಿದೆ, ಎತ್ಕೊಳ್ಳಿ. ಸಾಕ್ಷೀದು ಬಿಡಿ, ಅಲ್ಲಿ ಹೊಸದು ಮಾಡ್ಸಿದಾರೆ." ಅಣ್ಣನನ್ನು ನಾಲ್ಕು ಜನ ಹೊತ್ತುಕೊಂಡು ಹೋದರು. ಅವನಿಗೆ ಈಗಲೂ ಬಿಡುವಿಲ್ಲವಂತೆ. ತೋಪಯ್ಯನಂಥವರು ಇನ್ನೂ ಬರುತ್ತಲೇ ಇದ್ದಾರೆ, ಅವನ ಚಿಲಕ ಇನ್ನೂ ಹೊರಗಡೆಯೇ ಇದೆ.

ನಾನು ಉಳಿದೆ. ಎದುರಿಗೆ ಅಣ್ಣ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಚೌಕದ ಗುರುತು. ದಿನವೆಲ್ಲ ಅದನ್ನು ನೋಡುವುದು. ಕೆಲವು ವರ್ಷ ಇಲ್ಲಿ ಸಿಮೆಂಟು ಮೂಟೆ ಇಟ್ಟರು, ಆಮೇಲೆ ಮುರಿದ ಕುರ್ಚಿಗಳನ್ನು ತಂದು ಸುರಿದರು, ಆಮೇಲೆ ಅವನ್ನೂ ಒಯ್ದರು. ಕಿಟಕಿಯ ಗಾಜು ಒಡೆಯಿತು. ಗಾಳಿ ಒಳಗೆ ಬರತೊಡಗಿತು. ನನ್ನ ಬಾಗಿಲಿಗೆ ಚಿಲಕವಿಲ್ಲವಲ್ಲ, ಗಾಳಿ ಬಂದಾಗಲೆಲ್ಲ ತೆರೆಯುತ್ತದೆ, ಮುಚ್ಚುತ್ತದೆ. ತುಕ್ಕು ಹಿಡಿದ ಕೀಲು ಕಿರ್ರೋ ಎಂದು ಎಳೆದು ಎಳೆದು ಕೂಗುತ್ತದೆ. ಖಾಲಿ ಹಜಾರದಲ್ಲಿ ಅದು ದೊಡ್ಡದಾಗಿ, ಹೆಣ್ಣಿನ ದನಿಯ ಹಾಗೆ ರಸ್ತೆಗೆ ಕೇಳುತ್ತದೆ.

ಊರಿಗೆ ಅಷ್ಟು ಸಾಕಾಯಿತು. ಬಂದೆಬುದ್ದಿ ದೆವ್ವ ಎಂದು ಹೆಸರಿಟ್ಟರು. ಅವಳು ಬದುಕಿ ಕೂಗಿದಾಗ ಯಾರಿಗೂ ಕೇಳಿಸಿರಲಿಲ್ಲ. ಸತ್ತು ಕೂಗುತ್ತಾಳೆ ಅಂದಾಗ ಊರಿಗೂರೇ ಕಿವಿಯಾಯಿತು.

ಇತ್ತೀಚೆಗೆ ಭಾನುವಾರಗಳಲ್ಲಿ ಜನ ಬರತೊಡಗಿದರು. ಸಂದೇಶ್ ಎಂಬ ಹುಡುಗಾಟದ ಯುವಕ ಅವರನ್ನು ಕರೆದುಕೊಂಡು ಬರುತ್ತಾನೆ. ಹಳೇ ಕಟ್ಟಡಗಳನ್ನು ತೋರಿಸುವುದು ಅವನ ಕಸುಬು. ಬಂದವರು ಫೋನು ಎತ್ತಿ ಹಿಡಿದು, ಕಿಸಿಕಿಸಿ ನಗುತ್ತಾ, ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನೋಡುತ್ತಾರೆ. ಯಾರೂ ನನ್ನನ್ನು ಮುಟ್ಟುವುದಿಲ್ಲ. ಹೋಗುವಾಗ ಹಜಾರದ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಮೊದಲಿಗಿಂತ ಹೆಚ್ಚು ಖಾಲಿ ಅನ್ನಿಸುತ್ತದೆ.

ಒಂದು ಭಾನುವಾರ ಇಳಿಹೊತ್ತಿನಲ್ಲಿ ಬಂದ ಗುಂಪಿನಲ್ಲಿ ಒಬ್ಬಳು ಮುದುಕಿ ಇದ್ದಳು. ಎಂಬತ್ತು ದಾಟಿರಬೇಕು. ಬರಿಗಾಲು, ಕೈಯಲ್ಲಿ ಕೋಲು. ಪಕ್ಕದಲ್ಲಿ ಅವಳ ತೋಳು ಹಿಡಿದ ಮೊಮ್ಮಗಳ ವಯಸ್ಸಿನವಳು, ಮುದುಕಿಯ ತಮ್ಮನ ಮೊಮ್ಮಗಳು ಜಯಶೀಲ, ಸರ್ಕಾರಿ ಬಸ್ಸಿನ ಕಂಡಕ್ಟರು. ಪಿಸುಗುಟ್ಟಿದರೂ ಬಸ್‌ಸ್ಟ್ಯಾಂಡಿಗೆ ಕೇಳುವ ದನಿ.

ಸಂದೇಶ್ ನನ್ನ ಪಕ್ಕ ನಿಂತು ಶುರುಮಾಡಿದ: "ಇದೇ ನೋಡಿ, ದೆವ್ವ ಬಂದು ನಿಂತ್ಕೊಳ್ಳೋ ಕಟಕಟೆ. ಮಂಚಿ ಅಂತ ಒಬ್ಳು. ಗಂಡನ ಪರ ಸಾಕ್ಷಿ ಹೇಳೋಕೆ ಕೋರ್ಟು ಕರೆಸಿತ್ತು. ನಮ್ಮ ಮುತ್ತಾತಾನೇ ಇಲ್ಲಿ ದಲಾಯತರು, ನಾಗೋಜಿ ಅಂತ. ಅವ್ರು ಮೂರು ಸಲ ಕೂಗಿದ್ರು. ಆದ್ರೆ ಅವಳು ಪಟೇಲರಿಗೆ ಹೆದರಿ ಬರ್ಲೇ ಇಲ್ಲ. ಗಂಡ ಜೈಲಲ್ಲಿ ಸತ್ತ. ಆ ಪಾಪಪ್ರಜ್ಞೆ ತಡೀಲಾರದೆ ಕೆರೆಗೆ ಹಾರಿದ್ಲು. ಅವತ್ತಿಂದ ಇಲ್ಲೇ ಅಲೀತಾಳೆ. ಪಾದ ಹಿಂದಕ್ಕೆ ತಿರುಗಿರೋದನ್ನ ನಮ್ಮ ತಾತ ಕಣ್ಣಾರೆ ನೋಡಿದಾರಂತೆ."

ಟೋಪಿ ಹಾಕಿದ್ದ ಒಬ್ಬ ಹುಡುಗ ಫೋನು ತೆಗೆದ. "ಮಂಚಕ್ಕಾ, ಒಂದ್ ಸೆಲ್ಫಿ ಕೊಡಕ್ಕಾ!" ಎಲ್ಲರೂ ನಕ್ಕರು.

ಮುದುಕಿ ಸೀರೆಯ ಅಂಚನ್ನು ಚೂರು ಮೇಲೆತ್ತಿದಳು. "ತಗಳಪ್ಪ. ಕಾಲ ಮೊದ್ಲು ನೋಡ್ಕ. ಮುಂದಕ್ಕೇ ಅವೆ."

ಯಾರಿಗೂ ಅರ್ಥವಾಗಲಿಲ್ಲ. ಜಯಶೀಲ ದನಿ ಏರಿಸಿದಳು: "ಇವ್ರೇ ಕಣ್ರೀ ಹಾಲಗೆರೆ ಮಂಚಮ್ಮ. ನನ್ನ ಬಸ್ಸಲ್ಲಿ ಹುಡುಗ್ರು ದೆವ್ವ, ದೆವ್ವ ಅಂತ ಮಾತಾಡ್ತಿದ್ರು. ಮನೇಲಿ ಹೋಗಿ, ಅಜ್ಜಿ ನೀನು ಸತ್ತೋಗಿದ್ದೀಯಂತೆ ಅಂದೆ. ಹಂಗಾದ್ರೆ ನಡಿ ನೋಡ್ಕ ಬರಾಣ ಅಂತ ಹೊರಟೇಬಿಟ್ರು."

ಟೋಪಿಯವನ ಫೋನು ಕೆಳಗಿಳಿಯಿತು. ಗುಂಪು ತಾನೇ ತಾನಾಗಿ ಹಿಂದೆ ಸರಿಯಿತು. ದೆವ್ವಕ್ಕೆ ಹೆದರಿದ್ದಕ್ಕಿಂತ ಹೆಚ್ಚಾಗಿ ಅವಳು ಬದುಕಿರುವುದಕ್ಕೆ ಹೆದರಿದ ಹಾಗಿತ್ತು.

"ಕೆರೆ ಬೀಳಕ್ಕೆ ಕೆರೇಲಿ ನೀರೆಲ್ಲಿತ್ತಪ್ಪ?" ಎಂದಳು ಮಂಚಮ್ಮ. "ತೂಬ ಮುರ್ದು ಎಲ್ಲಾನು ಹರಿಸಿದ್ರಲ್ಲ. ಕೊಡಗಿಗೆ ಕಾಪಿ ತ್ವಾಟದ ಕೂಲಿಗೆ ಹೋದೆ. ನಲವತ್ತೊರ್ಸ ಅಲ್ಲೇ ಬೆನ್ನು ಬಗ್ಗುಸ್ದೆ. ಈಗ ತಮ್ಮನ ಮನೇಲಿ ಇವ್ನಿ." ಆಮೇಲೆ ಸಂದೇಶನ ಕಡೆ ತಿರುಗಿದಳು. "ನೀನು ನಾಗೋಜಿ ಮರಿಮಗನಾ? ಮೂಗು ಹಂಗೇ ಅದೆ. ನಿಮ್ ಮುತ್ತಾತ ಕೂಗ್ದ ಅಂದ್ಯಲ್ಲ, ಎಲ್ಲಿ ನಿಂತ್ಕಂಡು ಕೂಗ್ದ ಅಂತ ಹೇಳಿದ್ನಾ?"

"ಇಲ್ಲ... ಬಾಗಿಲಲ್ಲಿ ಇರ್ಬೇಕು."

"ಕೂಗ್ದ, ಸುಳ್ಳಲ್ಲ. ಒಳೀಕೆ ತಿರೀಕಂಡು ಕೂಗ್ದ. ಜೈಲ್ ತಾವ ಹೋದಾಗ ಕಂಬಿ ಹಿಡ್ಕಂಡು ನಮ್ಮೆಜಮಾನ ಹೇಳ್ದ. ನಾನು ಆ ಮರದಡಿ ನಿಂತಿದ್ದೆ ಕನಪ್ಪ. ಹೊತ್ತಾರೆಯಿಂದ ನಿಂತಿದ್ದೆ. ನೀರು ಕುಡ್ಯಕ್ಕೂ ಹೋಗ್ನಿಲ್ಲ, ಎಲ್ಲಿ ಕೂಗ್ಬುಟ್ಟಾರು ಅಂತ."



ಸಂದೇಶ್ ನೆಲ ನೋಡುತ್ತಿದ್ದ. ಅವನು ಹೇಳಿಕೊಂಡು ಬಂದದ್ದು ಮನೆಯಲ್ಲಿ ಕೇಳಿದ ಕಥೆ. ಒಂದು ಮನೆಯ ಸುಳ್ಳು ಮೂರು ತಲೆ ದಾಟುವಷ್ಟರಲ್ಲಿ ಊರಿನ ಇತಿಹಾಸವಾಗಿತ್ತು. ಅದರಲ್ಲಿ ನಾಗೋಜಿ ಕರ್ತವ್ಯ ಮಾಡಿದವನು, ಮಂಚಿ ಹೆದರಿದವಳು.

"ಒಂದ್ಸಲ ಕೂಗಪ್ಪ," ಎಂದಳು ಮಂಚಮ್ಮ. "ಹೇಳ್ಬೇಕಾದ್ದು ಹೇಳ್ದೆ ಹಂಗೇ ಹೊಟ್ಟೇಲಿ ಅದೆ. ಇದ ಮಡಿಕ್ಕಂಡು ಸತ್ರೆ ನಾ ದಿಟ್ವಾಗ್ಲೂ ದೆವ್ವ ಆಯ್ತೀನಿ."

"ನಾನ್ ಕೂಗ್ಲಾ ಅಜ್ಜಿ? ಸ್ಟ್ಯಾಂಡಿಗೇ ಕೇಳುಸ್ತೀನಿ," ಎಂದಳು ಜಯಶೀಲ.

"ಬ್ಯಾಡ. ಅವ್ನೇ ಕೂಗ್ಲಿ."

ಅವಳು ಕೋಲೂರಿಕೊಂಡು ಹೊರಗೆ ಹೋದಳು. ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟು ದಾಟಿ, ಹೊಂಗೆ ಮರದ ಕೆಳಗೆ ನಿಂತಳು. ಒಡೆದ ಕಿಟಕಿಯಿಂದ ನನಗೆ ಅವಳ ಬಿಳಿ ತಲೆ ಕಾಣುತ್ತಿತ್ತು. ಇಷ್ಟು ದೂರ ಯಾಕೆ ಹೋದಳು, ಜಗಲಿಯಲ್ಲೇ ನಿಲ್ಲಬಹುದಿತ್ತಲ್ಲ ಎಂದು ಗುಂಪಿನಲ್ಲಿ ಯಾರೋ ಅಂದರು. ಅವಳು ಯಾಕೆ ಹೋದಳೆಂದು ನನಗೆ ಗೊತ್ತಿತ್ತು. ಎಲ್ಲಿ ತಪ್ಪಿಹೋಯಿತೋ ಅಲ್ಲಿಂದಲೇ ಬರಬೇಕಾಗಿತ್ತು.

ಸಂದೇಶ್ ಹೊಸಿಲ ಬಳಿ ನಿಂತ. ನಾಚಿಕೆಯೋ, ಭಯವೋ, ಹೊಸಿಲು ದಾಟಲು ಅವನ ಕಾಲು ಬರಲಿಲ್ಲ. ಒಳಗಿನಿಂದಲೇ, ಅರ್ಧ ದನಿಯಲ್ಲಿ ಕೂಗಿದ: "ಹಾಲಗೆರೆ ಮಂಚಿ..."

ಮರದ ಕೆಳಗಿನ ಬಿಳಿ ತಲೆ ಅಲ್ಲಾಡಲಿಲ್ಲ.

"ಹೊಸ್ಲು ದಾಟ್ರೀ," ಎಂದಳು ಜಯಶೀಲ, ಕಂಡಕ್ಟರ ದನಿಯಲ್ಲಿ. "ನಿಮ್ಮ ಮುತ್ತಾತನ ಥರಾನೇ ಆಯ್ತಲ್ಲ ಇದೂ!"

ಅವನು ದಾಟಿದ. ಜಗಲಿ ಇಳಿದ. ಅಂಗಳದಲ್ಲಿ ಬೆಳೆದ ಮುಳ್ಳು ತುಳಿದುಕೊಂಡು ಗೇಟಿನವರೆಗೂ ನಡೆದ. ಅಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಹಾಲಗೆರೆ ಮಂಚಮ್ಮನೋರೇ!" ನಾಗೋಜಿಯ ಗಂಟಲು ಅವನ ಮನೆತನದಲ್ಲಿ ಸತ್ತಿರಲಿಲ್ಲ.

ಎರಡನೆಯ ಕೂಗು ಬೇಕಾಗಲಿಲ್ಲ.

"ಬಂದೆ," ಎಂದಳು ಅವಳು. ಬುದ್ದಿ ಅನ್ನಲಿಲ್ಲ. ಆ ಒಂದು ಮಾತನ್ನು ಹೊಂಗೆ ಮರದ ಕೆಳಗೇ ಬಿಟ್ಟು ಬಂದಳು.

ನಿಧಾನವಾಗಿ ನಡೆದು ಹಜಾರಕ್ಕೆ ಬಂದು, ನನ್ನ ಬಾಗಿಲು ತಳ್ಳಿದಳು. ತೆರೆಯಿತು. ಒಳಗೆ ಬಂದು ನಿಂತು, ಕೋಲನ್ನು ಪಕ್ಕಕ್ಕೊರಗಿಸಿ, ಎರಡೂ ಅಂಗೈಗಳನ್ನು ನನ್ನ ಮೇಲ್ಪಟ್ಟಿಯ ಮೇಲೆ ಇಟ್ಟಳು. ಕಾಫಿ ಹಣ್ಣು ಕಿತ್ತು ಕಿತ್ತು ಬಿರುಕು ಬಿಟ್ಟ ಕೈಗಳು. ಅವು ನಡುಗುತ್ತಿದ್ದವು. ನನ್ನ ಆಯುಷ್ಯದಲ್ಲಿ ಕೇರಿಯವರ ಕೈ ನನ್ನನ್ನು ಹಿಡಿದದ್ದು ಅದೇ ಮೊದಲು. ನೀರು ಚಿಮುಕಿಸಲು ಯಾರೂ ಇರಲಿಲ್ಲ.

ಅವಳು ಖಾಲಿ ಪೀಠವನ್ನು ನೋಡಲಿಲ್ಲ. ಅಣ್ಣ ನಿಂತಿದ್ದ ಜಾಗದ ಚೌಕದ ಗುರುತನ್ನು ನೋಡಿಕೊಂಡು ಮಾತಾಡಿದಳು.

"ಅವತ್ತು ಪಟೇಲನ ಮಗಳ ಮದ್ವೆ. ಊರೋರು ಚಪ್ರದಲ್ಲಿ ಉಣ್ತಾ ಕುಂತಿದ್ರು. ನಮ್ಮೋರು ಹಿತ್ಲಲ್ಲಿ ಕಡೇ ಪಂಕ್ತಿಗೆ ಕಾಯ್ತಾ ಕುಂತಿದ್ರು. ನನ್ ಗಂಡ ತೋಪಯ್ಯ ಒಲೆಗೆ ಸೌದೆ ಸೀಳ್ತಾ ಇದ್ದ. ಹೊತ್ತಾರೆಯಿಂದ ಅಲ್ಲಿಂದ ಎದ್ದಿರ್ನಿಲ್ಲ. ನಾನು ಎಮ್ಮೆಗೆ ಹುಲ್ಲು ಕುಯ್ಯಾಣ ಅಂತ ಏರಿ ಮ್ಯಾಕೆ ಹೋದೆ. ಪಟೇಲನ ಬಾಮೈದ ತಿಮ್ಮರಸು ತೂಬಿನ್ ತಾವ ಇದ್ದ. ಮದ್ವೆ ಪಂಚೆ ಮ್ಯಾಕೆ ಕಟ್ಕಂಡು ಹಾರೇಲಿ ಮೀಟ್ತಾ ಇದ್ದ. ನನ್ ಕಂಡ. ಏನ್ ನೋಡೀಯೆ ಅಂದ. ನೀರು ನೋಡ್ತಿವ್ನಿ ಅಂದೆ. ನೀರು ಹೊಂಟೋಯ್ತು. ಮೀನೆಲ್ಲ ಕೆಸರಲ್ಲಿ ಬಡ್ಕಂಡೊ. ಕೊನೇ ಗದ್ದೆ ಎಲ್ಲಾ ಒಣಗೋಯ್ತು. ನನ್ ಗಂಡ ಒಂದು ಹನಿ ನೀರ ಯಾರ್ಗೂ ಮೋಸ ಮಾಡಿ ಬುಟ್ಟೋನಲ್ಲ. ನಾನು ಕಂಡಿವ್ನಿ. ನನ್ ಕಣ್ಣಲ್ಲಿ ಕಂಡಿವ್ನಿ."

ಆಮೇಲೆ ತುಸು ಮೆಲ್ಲಗೆ, ನನಗೂ ಆ ಚೌಕದ ಗುರುತಿಗೂ ಮಾತ್ರ ಕೇಳುವ ಹಾಗೆ ಅಂದಳು: "ತಡ ಆಯ್ತು ಕನ."

ಟೋಪಿಯ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಈ ಸಾಕ್ಷಿಯಿಂದ ಏನಾಯಿತು? ಪಟೇಲ ಸತ್ತು ಎಷ್ಟೋ ಕಾಲವಾಗಿದೆ, ತಿಮ್ಮರಸು ಸತ್ತಿದ್ದಾನೆ, ಮ್ಯಾಜಿಸ್ಟ್ರೇಟರು ನಿವೃತ್ತಿ ವೇತನ ಉಂಡು ಸತ್ತಿದ್ದಾರೆ. ತೋಪಯ್ಯ ಕಾಗದದಲ್ಲಿ ಇವತ್ತಿಗೂ ಅಪರಾಧಿ. ನ್ಯಾಯ ಸಿಕ್ಕಿತು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸಲಾರೆ. ನನ್ನ ಮೇಲೆ ನಿಂತು ಅಂಥ ಸುಳ್ಳು ಹೇಳಿದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬನಾಗುವುದು ಬೇಡ.

ಅವಳು ಇಳಿದಾಗ ಕೀಲು ಕಿರ್ರೋ ಎಂದಿತು. ಎಲ್ಲರೂ ಬೆಚ್ಚಿದರು. ಮಂಚಮ್ಮ ತಿರುಗಿ ನನ್ನ ಬಾಗಿಲನ್ನು ಒಮ್ಮೆ ಆಡಿಸಿ ನೋಡಿದಳು, ಇನ್ನೊಮ್ಮೆ ಆಡಿಸಿದಳು, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. "ಇದಾ ನಿಮ್ಮ ದೆವ್ವ?"

ಸಂದೇಶ್ ಕಣ್ಣೊರೆಸಿಕೊಂಡ. "ನಾಳೆ ಎಣ್ಣೆ ತಂದು ಬಿಡ್ತೀನಿ ಅಜ್ಜಿ. ಸದ್ದು ನಿಂತ್ಹೋಗುತ್ತೆ."

"ಬ್ಯಾಡ ಬುಡು. ಅದಾರೂ ಕೂಗ್ಲಿ."

"ಮತ್ತೆ ಬರೋರಿಗೆ ನಾನು ಏನಂತ ಹೇಳ್ಲಿ?"

"ಸತ್ಮ್ಯಾಕೆ ಬೇಕಾರೆ ದೆವ್ವ ಅನ್ನು," ಎಂದು ಅವಳು ಕೋಲು ತೆಗೆದುಕೊಂಡಳು. "ಅಲ್ಲೀಗಂಟ ಮಂಚಮ್ಮ ಅನ್ನು."

ಅವರು ಹೋದರು. ಮೆಟ್ಟಿಲ ಮೇಲೆ ಕೋಲಿನ ಸದ್ದು ಒಂದಷ್ಟು ಹೊತ್ತು ಕೇಳಿತು. ಆಮೇಲೆ ಬಾವಲಿಗಳು.

ಈಗ ನನಗೆ ವಯಸ್ಸಾಗಿದೆ. ಈ ಕಟ್ಟಡ ಬೀಳಿಸುತ್ತಾರೆ ಎಂದೂ ಹೇಳುತ್ತಾರೆ, ಉಳಿಸಿ ಬಣ್ಣ ಹೊಡೆಯುತ್ತಾರೆ ಎಂದೂ ಹೇಳುತ್ತಾರೆ. ಬೀಳಿಸಿದರೆ ನಾನು ಯಾರದೋ ಒಲೆಗೆ ಸೌದೆ. ಆಗಲಿ, ಸೀಳುವವನ ಹೆಸರನ್ನು ಉಣ್ಣುವವರು ಮರೆಯದಿದ್ದರೆ ಸಾಕು. ಸಂದೇಶ್ ಇನ್ನೂ ಬರುತ್ತಾನೆ. ಬಂದವರನ್ನು ಮೊದಲು ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಲ್ಲಿಸಿ, ತಾನು ಹೊಸಿಲ ಒಳಗಿನಿಂದ ಅವರ ಹೆಸರು ಕೂಗುತ್ತಾನೆ. ಯಾರಿಗೂ ಕೇಳುವುದಿಲ್ಲ. ಆಮೇಲೆ ಹೊರಗೆ ಹೋಗಿ ಕಥೆ ಹೇಳುತ್ತಾನೆ. ಅಂಥ ದಿನ ಜನ ನಗದೆ ಒಳಗೆ ಬರುತ್ತಾರೆ. ದೆವ್ವ ಇಲ್ಲ ಎಂದು ತಿಳಿದ ಮೇಲೆ ಬರುವವರು ಕಡಿಮೆಯಾಗಿದ್ದಾರೆ.

ಹೆಚ್ಚು ದಿನ ನಾನು ಒಬ್ಬನೇ. ಮೇಲ್ಪಟ್ಟಿಯ ದೂಳಿನಲ್ಲಿ ಎರಡು ಅಂಗೈಗಳ ಗುರುತು ಇನ್ನೂ ಇದೆ, ಅದರ ಮೇಲೂ ನಿಧಾನಕ್ಕೆ ದೂಳು ಕೂರುತ್ತಿದೆ. ಗಾಳಿ ಬಂದಾಗ ನನ್ನ ಬಾಗಿಲು ತೆರೆದುಕೊಳ್ಳುತ್ತದೆ, ಕೀಲು ಎಳೆದೆಳೆದು ಕೂಗುತ್ತದೆ. ರಸ್ತೆಯಲ್ಲಿ ಹೋಗುವವರು ಹೆಜ್ಜೆ ಬೇಗ ಹಾಕುತ್ತಾರೆ. ನಾನು ಕೂಗುವುದು ಅವರನ್ನು ಹೆದರಿಸಲಿಕ್ಕಲ್ಲ. ಆ ಮರದ ಕೆಳಗೆ ಇನ್ನೂ ಯಾರಾದರೂ ನಿಂತಿರಬಹುದು, ಬೆಳಿಗ್ಗೆಯಿಂದ ನೀರು ಕುಡಿಯದೆ.